ಜೀರಿಗೆ ಚುಕ್ಕಿ, ಸಾಸಿವೆ ಚುಕ್ಕಿ

ಬಲು ಹಿಂದೆ, ಆಕಾಶ ಈಗಿನದಕ್ಕಿಂತ ಒಂದು ಏಣಿಯಷ್ಟು ಕೆಳಗಿದ್ದ ಕಾಲದಲ್ಲಿ, ಮಿಣುಕನಾಡು ಎಂಬ ರಾಜ್ಯವಿತ್ತು. ಅಲ್ಲಿಯ ರಾಜನಿಗೆ ಇಬ್ಬರು ಮಕ್ಕಳು. ದೊಡ್ಡವಳು ಕೇದಗೆ, ಅವಳಿಗೆ ಮೂಗಿನ ತುದಿಯಲ್ಲೇ ಕೋಪ. ಚಿಕ್ಕವನು ಸುರಗಿ, ಅವನಿಗೆ ಬಾಯಿ ತುಂಬ ಪ್ರಶ್ನೆ. ಅಕ್ಕನ ಕೋಪಕ್ಕೆ ಹೆದರದವನು ಇಡೀ ರಾಜ್ಯದಲ್ಲಿ ಅವನೊಬ್ಬನೇ.

ಒಂದು ದಿನ ಜಡೆಗಡ್ಡ ಎಂಬ ಮಾಂತ್ರಿಕ ಅರಮನೆಗೆ ಊಟಕ್ಕೆ ಬಂದ. ಅವನ ಗಡ್ಡ ನೆಲ ಗುಡಿಸುತ್ತಿತ್ತು. ಸುರಗಿ ಹೋಳಿಗೆ ಅಗಿಯುತ್ತ, “ತಾತ, ನಿಮ್ಮ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟಿದೆಯಾ?” ಎಂದು ಕೇಳಿದ. ಪಂಕ್ತಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗೂಡು ನಿಜಕ್ಕೂ ಇತ್ತು, ಅದೇ ತೊಂದರೆಯಾದದ್ದು. ಮಾಂತ್ರಿಕ ಕೆರಳಿ ಕೆಂಡವಾಗಿ ಗಡ್ಡವನ್ನು ಮೂರು ಸಲ ಒದರಿದ. ಸುರಗಿ ಕೈಯಲ್ಲಿದ್ದ ಅರ್ಧ ಹೋಳಿಗೆಯ ಸಮೇತ ನಕ್ಷತ್ರವಾಗಿ ಮೇಲಕ್ಕೆ ಹಾರಿಹೋದ.

ಶಾಪ ಕೊಟ್ಟವನು ವಿಮೋಚನೆಯನ್ನೂ ಹೇಳಲೇಬೇಕು, ಇಲ್ಲದಿದ್ದರೆ ಮಂತ್ರ ಫಲಿಸುವುದಿಲ್ಲ. ಜಡೆಗಡ್ಡ ಒಲ್ಲದ ಮನಸ್ಸಿನಿಂದ ಮೂರು ಬೆಳ್ಳಿ ತಟ್ಟೆಗಳನ್ನು ನೆಲಕ್ಕೆಸೆದ.

“ಬೆಟ್ಟದ ಮೇಲಿನ ಬೆಳಕಿನ ಬೋಗುಣಿಯಲ್ಲಿ ಹುಡುಗನ ಬೆಳಕನ್ನು ಹಿಡಿದು ಈ ತಟ್ಟೆಯ ಮೇಲೆ ಇಳಿಸಿ. ಸಾಸಿವೆ ಕಾಳಿನ ಹಾಗೆ ದುಂಡಗೆ ಮೂಡಿದರೆ ಅವನು ಇಳಿದು ಬರುತ್ತಾನೆ. ಮೂರು ತಟ್ಟೆಯೂ ಕೆಟ್ಟರೆ ಅವನು ಅಲ್ಲೇ, ನೀವು ಇಲ್ಲೇ!”

ರಾಜ ಕೂತಲ್ಲೇ ಅತ್ತುಬಿಟ್ಟ. ಕೇದಗೆ ಸೆರಗು ಸಿಕ್ಕಿಸಿ ಎದ್ದಳು. “ಅಪ್ಪಾಜಿ, ಕಣ್ಣೊರೆಸಿಕೊಳ್ಳಿ. ನಾನು ಹೋಗಿ ಅವನನ್ನು ಕರೆತರುತ್ತೇನೆ.” ಹಾಗೆಂದು ಪಲ್ಲಕ್ಕಿ ಹತ್ತಿದಳು.

ಬೆಟ್ಟದ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ದೊಡ್ಡ ಬೋಗುಣಿ ಇತ್ತು. ಅದು ಕೂತಿದ್ದುದು ಅಂಚಿನ ತುಂಬ ಹಲ್ಲುಗಳಿದ್ದ ಒಂದು ಚಕ್ರದ ಮೇಲೆ. ಪಕ್ಕದ ಕಬ್ಬಿಣದ ಕಂಬಕ್ಕೆ ಸುತ್ತಪ್ಪ ಎಂಬ ಮಾಯಾಸರ್ಪ ಸುರುಳಿ ಸುತ್ತಿಕೊಂಡಿತ್ತು. ಸುರುಳಿಗಳು ಚಕ್ರದ ಹಲ್ಲುಗಳ ನಡುವೆ ಹೊಂದಿ ಕೂತಿದ್ದವು. ಸುತ್ತಪ್ಪ ಮೆಲ್ಲನೆ ಕಂಬ ಸುತ್ತಿದರೆ ಚಕ್ರ ತಿರುಗುತ್ತಿತ್ತು, ಚಕ್ರದೊಂದಿಗೆ ಬೋಗುಣಿ ನಕ್ಷತ್ರದ ಹಿಂದೆ ಪಡುವಣಕ್ಕೆ ಹೊರಳುತ್ತಿತ್ತು. ಸುರಗಿಯ ಬೆಳಕೋ ಬಲು ಸಣ್ಣದು. ಸಂಜೆಯಿಂದ ಅವನು ಮುಳುಗುವ ತನಕ ತೊಟ್ಟು ತೊಟ್ಟಾಗಿ ಒಂದೇ ಕಡೆ ಬಿದ್ದರೆ ಮಾತ್ರ ಬೋಗುಣಿಯ ನಡುವೆ ಇಟ್ಟ ತಟ್ಟೆಯ ಮೇಲೆ ಗುರುತು ಮೂಡುತ್ತಿತ್ತು.

ಮೊದಲನೆಯ ತಟ್ಟೆ ಇಟ್ಟಳು ಕೇದಗೆ. “ಸುತ್ತಪ್ಪ, ನೆಟ್ಟಗೆ ತಿರುಗು. ಹೆಚ್ಚುಕಮ್ಮಿಯಾದರೆ ಸುಮ್ಮನಿರುವುದಿಲ್ಲ!” ಎಂದು ಗದರಿಸಿ ಕಾವಲು ಕೂತಳು. ಗದರಿಸಿದಷ್ಟೂ ಹಾವಿಗೆ ಗಾಬರಿಯಾಯಿತು, ಗಾಬರಿಯಾದಷ್ಟೂ ಚಕ್ರ ಜಗ್ಗಿತು. ನಕ್ಷತ್ರ ಮುಳುಗಿದ ಮೇಲೆ ನೋಡಿದರೆ ತಟ್ಟೆಯ ಮೇಲೆ ಡೊಂಕುಡೊಂಕಾದ ಒಂದು ಶಾವಿಗೆ ಎಳೆ.

ಎರಡನೆಯ ತಟ್ಟೆ ಇಟ್ಟಳು ಕೇದಗೆ. ಈ ಸಲ ಚಕ್ರಕ್ಕೆ ಒಂದು ಮರದ ಹಿಡಿ ಕಟ್ಟಿಸಿ, ಬೋಗುಣಿಯ ಅಂಚಿಗೆ ಜೋಡಿಸಿದ್ದ ನೋಡುವ ಕೊಳವೆಗೆ ಕಣ್ಣಿಟ್ಟಳು. ನಕ್ಷತ್ರ ಆಚೆ ಸರಿದದ್ದು ಕಂಡರೆ ಹಿಡಿಯನ್ನು ತಡೆದಳು, ಈಚೆ ಸರಿದದ್ದು ಕಂಡರೆ ತಳ್ಳಿದಳು. ಆದರೆ ಕಣ್ಣು ಕಂಡು ಕೈ ಆಡುವಷ್ಟರಲ್ಲಿ ತಪ್ಪು ಆಗಿಹೋಗಿರುತ್ತಿತ್ತು. ನಕ್ಷತ್ರ ಮುಳುಗಿದ ಮೇಲೆ ನೋಡಿದರೆ ಶಾವಿಗೆ ಹೋಗಿ ಜೀರಿಗೆಯಾಗಿತ್ತು. ಜೀರಿಗೆ ಸಾಸಿವೆಯಲ್ಲವಲ್ಲ!

ಸುತ್ತಪ್ಪ ತಲೆ ತಗ್ಗಿಸಿ ಹೇಳಿತು: “ಅಮ್ಮಣ್ಣಿ, ತಪ್ಪು ನನ್ನದೇ. ಮರಿಯಾಗಿದ್ದಾಗ ಒಂದು ಗುಂಡುಕಲ್ಲನ್ನು ಲಾಡು ಎಂದುಕೊಂಡು ನುಂಗಿಬಿಟ್ಟೆ. ಅದು ಗಂಟಾಗಿ ಹೊಟ್ಟೆಯಲ್ಲೇ ಉಳಿದಿದೆ. ಪ್ರತಿ ಸುತ್ತಿನಲ್ಲೂ ಆ ಗಂಟು ಬಂದಾಗ ಚಕ್ರ ಮುಂದಕ್ಕೆ ಜಿಗಿಯುತ್ತದೆ, ಗಂಟು ದಾಟಿದ ಮೇಲೆ ಹಿಂದೆ ಬೀಳುತ್ತದೆ. ಕತ್ತಿಯಿದ್ದರೆ ಕೊಯ್ದು ತೆಗೆದುಬಿಡಿ.”

ಕೇದಗೆ ಸಿಟ್ಟಿನಲ್ಲಿ ಕತ್ತಿ ಎತ್ತಿಯೇ ಬಿಟ್ಟಳು. ಹಾವು ಕಣ್ಣು ಮುಚ್ಚಲಾರದು ನೋಡಿ, ಪಾಪ, ಅವಳನ್ನೇ ಬಿಡುಗಣ್ಣಿನಿಂದ ನೋಡುತ್ತಿತ್ತು. ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಕತ್ತಿ ಬಿಸುಟು, ಪಲ್ಲಕ್ಕಿಯನ್ನೂ ಹತ್ತದೆ, ಅಳುತ್ತ ಬೆಟ್ಟ ಇಳಿಯತೊಡಗಿದಳು. ಖಾಲಿ ಪಲ್ಲಕ್ಕಿ ಅವಳ ಪಕ್ಕದಲ್ಲೇ ಬಂತು. ಮುಂದೆ ಹೊತ್ತವನು ದ್ಯಾವಪ್ಪ, ಹಿಂದೆ ಅವನ ಭಾವ.

ಹುಟ್ಟಿದಾಗಿನಿಂದ ಪರದೆಯ ಒಳಗೇ ಕೂತು ಹೋದವಳು ಅಂದು ಮೊದಲ ಸಲ ಹೊರಗಿನಿಂದ ನೋಡಿದಳು. ನೋಡಿ ನಿಂತುಬಿಟ್ಟಳು.

“ದ್ಯಾವಪ್ಪ, ನೀನು ಕುಂಟುತ್ತೀಯಾ?”

“ಹೂಂ, ಅಮ್ಮಣ್ಣೋರೆ. ಎಡಗಾಲು ಗಿಡ್ಡ. ಹುಟ್ಟಿದಾಗಿಂದ ಹಿಂಗೇಯ.”

“ಒಳಗೆ ಒಂದು ದಿನವೂ ಕುಲುಕಿಲ್ಲವಲ್ಲ! ನನ್ನ ಮಜ್ಜಿಗೆ ಲೋಟ ತುಳುಕಿಲ್ಲವಲ್ಲ!”

ದ್ಯಾವಪ್ಪನಿಗೆ ನಗು ಬಂತು. “ಎಡಗಾಲು ಊರಿದಾಗಲೆಲ್ಲ ಕುಸೀತೀನಿ. ಆದ್ರೆ ಎಲ್ಲಿ ಕುಸೀತೀನಿ ಅಂತ ನಂಗೊತ್ತಲ್ಲ, ಅದ್ಕೇ ಆ ಹೊತ್ಗೆ ಸರಿಯಾಗಿ ಹೆಗಲು ಎತ್ಕತೀನಿ. ಕುಸಿದ್ಮೇಲೆ ಎತ್ತಿದ್ರೆ ನಿಮ್ಮ ಮಜ್ಜಿಗೆ ನಿಮ್ಮ ಸೀರೆ ಮ್ಯಾಲೆ! ಮರ್ತೋಗ್ದಿರ್ಲಿ ಅಂತ ಪದ ಹಾಡ್ತೀವಿ. ಹೋಯ್ ನಡೆ, ಹೋಯ್ ಎತ್ತು.”

ಕೇದಗೆಯ ಅಳು ಅಲ್ಲೇ ನಿಂತಿತು. “ದ್ಯಾವಪ್ಪ, ಪಲ್ಲಕ್ಕಿ ತಿರುಗಿಸು! ಇಲ್ಲ, ಬೇಡ, ನಾನು ಓಡಿಯೇ ಹೋಗುತ್ತೇನೆ!” ಎಂದು ಬೆಟ್ಟ ಹತ್ತಿ ಓಡಿದಳು.

ಅಂದು ರಾತ್ರಿ ಅವಳು ತಟ್ಟೆ ಇಡಲಿಲ್ಲ. ಹಿಡಿಯನ್ನೂ ಮುಟ್ಟಲಿಲ್ಲ. “ಸುತ್ತಪ್ಪ, ನಿನಗೆ ಹೇಗೆ ಬರುತ್ತದೋ ಹಾಗೇ ಸುತ್ತು. ನಾಚಿಕೊಳ್ಳಬೇಡ” ಎಂದು ಕೊಳವೆಗೆ ಕಣ್ಣಿಟ್ಟು ಸುಮ್ಮನೆ ನೋಡಿದಳು. ಸುತ್ತು ಸುತ್ತಿಗೂ ನಕ್ಷತ್ರ ಒಂದೇ ಜಾಗದಲ್ಲಿ ಜಿಗಿಯುತ್ತಿತ್ತು, ಒಂದೇ ಜಾಗದಲ್ಲಿ ಹಿಂದೆ ಬೀಳುತ್ತಿತ್ತು. ಬೆಳಗಾಗುವಷ್ಟರಲ್ಲಿ ಇಡೀ ಸುತ್ತು ಅವಳ ಬಾಯಲ್ಲಿ ಪದವಾಗಿತ್ತು.

“ಹೋಯ್ ನಡೆ, ಹೋಯ್ ನಡೆ, ಗಂಟು ಬಂತು, ತಡೆ ತಡೆ.
ಹೋಯ್ ನಡೆ, ಹೋಯ್ ನಡೆ, ಗಂಟು ಹೋಯ್ತು, ತಳ್ಳು ತಳ್ಳು.”

ಮರುದಿನ ಸಂಜೆ ಮೂರನೆಯ ತಟ್ಟೆ ಇಟ್ಟಳು ಕೇದಗೆ. ಸುತ್ತಪ್ಪ ಕಂಬ ಸುತ್ತಿತು, ಅವಳ ಹಿಂದೆಯೇ ಹತ್ತಿ ಬಂದಿದ್ದ ದ್ಯಾವಪ್ಪ ತಾಳ ಹಾಕಿದ, ಮೂವರೂ ಹಾಡಿದರು. ಜಿಗಿಯುವ ಹೊತ್ತಿಗೆ ಕೈ ಮೊದಲೇ ತಡೆಯುತ್ತಿತ್ತು, ಹಿಂದೆ ಬೀಳುವ ಹೊತ್ತಿಗೆ ಮೊದಲೇ ತಳ್ಳುತ್ತಿತ್ತು. ಕೊಳವೆಯೊಳಗೆ ಸುರಗಿ ಅಲುಗದೆ ನಿಂತ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಹಿಡಿ ಬಿಡುವಂತಿರಲಿಲ್ಲ, ಅದಕ್ಕೇ ಕುಣಿಯಲಿಲ್ಲ.

ಜಡೆಗಡ್ಡನಿಗೆ ಸುದ್ದಿ ಮುಟ್ಟಿತು. ಹುಡುಗಿಯ ಕಣ್ಣು ಕಟ್ಟಿದರೆ ಆಟ ಮುಗಿಯಿತು ಎಂದುಕೊಂಡು ಬೆಟ್ಟ ಹತ್ತಿದ. ಅವಳ ಕಾಲ ಬಳಿ ಒಂದು ಅಗ್ಗಿಷ್ಟಿಕೆ ಇಟ್ಟು, ಕೆಂಡದ ಮೇಲೆ ಬೊಗಸೆ ತುಂಬ ಒಣಮೆಣಸಿನಕಾಯಿ ಸುರಿದು, ಘಾಟು ಅವಳ ಮುಖಕ್ಕೇ ಹೊಡೆಯುವಂತೆ ತನ್ನ ಗಡ್ಡದಿಂದಲೇ ಬೀಸತೊಡಗಿದ.

ಕೇದಗೆಯ ಕಣ್ಣು ಉರಿದು ನೀರಾಗಿ ಮುಚ್ಚಿಹೋಯಿತು. ಕೊಳವೆ ಕಾಣಲಿಲ್ಲ, ನಕ್ಷತ್ರ ಕಾಣಲಿಲ್ಲ.

“ಈಗೇನು ನೋಡಿಕೊಂಡು ತಳ್ಳುತ್ತೀಯೆ, ಹುಡುಗಿ?” ಎಂದು ಮಾಂತ್ರಿಕ ಹಲ್ಲು ಕಿರಿದ.

“ನೋಡುವುದೇಕೆ, ತಾತ? ಪದ ಬಾಯಿಪಾಠವಾಗಿದೆ!” ಎಂದಳು ಕೇದಗೆ. ಕಣ್ಣು ಮುಚ್ಚಿಕೊಂಡೇ ಹಾಡಿದಳು. ಕೈ ತಾನಾಗಿ ತಡೆಯಿತು, ತಾನಾಗಿ ತಳ್ಳಿತು. ದ್ಯಾವಪ್ಪನಿಗೆ ಬಂದ ಕೆಮ್ಮು ಕೂಡ ತಾಳಕ್ಕೆ ಸರಿಯಾಗಿಯೇ ಬಂತು.

ಮಾಂತ್ರಿಕ ರೇಗಿ ಇನ್ನೂ ಜೋರಾಗಿ ಬೀಸಿದ. ಗಡ್ಡದೊಳಗಿನ ಗುಬ್ಬಿಗೆ ಕೆಂಡದ ವಾಸನೆ ಹತ್ತಿತು. ಮರಿಗಳನ್ನು ಕರೆದುಕೊಂಡು ಪುರ್ರನೆ ಹಾರಿತು. ಹಿಂದೆಯೇ ಗಡ್ಡದ ತುದಿಗೆ ಕಿಡಿ ಹಾರಿತು. ಮಂತ್ರಶಕ್ತಿಯೆಲ್ಲ ಇದ್ದದ್ದು ಆ ಗಡ್ಡದಲ್ಲಿ. ಅದು ಚುರುಚುರು ಉರಿಯುತ್ತಿದ್ದಂತೆ ಜಡೆಗಡ್ಡ ಬೊಬ್ಬೆ ಹೊಡೆಯುತ್ತ ಕೆಳಗಿನ ಕೊಳದ ಕಡೆಗೆ ಓಟ ಕಿತ್ತ. ಗಡ್ಡ ಹೋದರೂ ಶಾಪ ಹೋಗಲಿಲ್ಲ. ಅದಕ್ಕೆ ತಟ್ಟೆಯೇ ಬೇಕಿತ್ತು. ಹಾಡು ನಿಲ್ಲಲಿಲ್ಲ.

ಕೊನೆಗೆ ನಕ್ಷತ್ರ ಪಡುವಣದಲ್ಲಿ ಮುಳುಗಿತು. ಕೇದಗೆ ಹಿಡಿ ಬಿಟ್ಟು ತಡವರಿಸಿ ತಟ್ಟೆ ಎತ್ತಿಕೊಂಡಳು. ಕಣ್ಣು ಇನ್ನೂ ಬಿಡಲಾಗುತ್ತಿರಲಿಲ್ಲ.

“ದ್ಯಾವಪ್ಪ, ನೀನೇ ನೋಡಿ ಹೇಳು. ಜೀರಿಗೆಯೋ, ಸಾಸಿವೆಯೋ?”

ದ್ಯಾವಪ್ಪ ತಟ್ಟೆಯ ಮೇಲೆ ಬಗ್ಗಿದ. ಸುತ್ತಪ್ಪನೂ ಕತ್ತು ಚಾಚಿತು.

ಆಗ ಯಾರೋ ಅವಳ ಸೆರಗು ಜಗ್ಗಿದರು.

“ಅಕ್ಕಾ, ಹೋಳಿಗೆ ಆರಿಹೋಗಿದೆ. ಬಿಸಿ ಮಾಡಿಸಿಕೊಡುತ್ತೀಯಾ?”

ಕೇದಗೆ ತಮ್ಮನನ್ನು ಬಾಚಿ ತಬ್ಬಿಕೊಂಡಳು. ಆಮೇಲೆ ಅವಳ ಕಣ್ಣಲ್ಲಿ ಬಂದ ನೀರು ಮೆಣಸಿನಕಾಯಿಯದಲ್ಲ. ರಾಜ ಬರಿಗಾಲಲ್ಲೇ ಬೆಟ್ಟ ಹತ್ತಿ ಬಂದ, ಊರಿಗೆ ಊರೇ ಅವನ ಹಿಂದೆ ಬಂತು.

ಬೋಳು ಗಲ್ಲದ ಮಾಂತ್ರಿಕ ಬಂದು ಕ್ಷಮೆ ಕೇಳಿದ. “ಗುಬ್ಬಿಗೆ ಮನೆ ಎಲ್ಲಿ, ತಾತ?” ಎಂದು ಸುರಗಿ ಕೇಳಿದ್ದಕ್ಕೆ, ಅರಮನೆಯ ಸೂರಿನಲ್ಲಿ ಅವನೇ ಗೂಡು ಕಟ್ಟಿಕೊಟ್ಟು ದಿನವೂ ಕಾಳು ಹಾಕಿದ. ಸುತ್ತಪ್ಪನ ಗಂಟನ್ನು ತೆಗೆಸುವ ಮಾತು ಮತ್ತೆ ಬಂದಾಗ ಅದಕ್ಕೆ ಅಡ್ಡ ಬಂದವನು ಸುರಗಿಯೇ. ಸಂಜೆಯಾದರೆ ಅವನು ಬೆಟ್ಟಕ್ಕೆ ಓಡಿ, ಆ ಗಂಟಿನ ಮೇಲೆ ಕೂತು ಕಂಬ ಸುತ್ತುತ್ತಿದ್ದ. ಗಂಟು ಚಕ್ರಕ್ಕೆ ತಾಗುವ ಮುಂಚೆ ಅಕ್ಕ “ತಡೆ ತಡೆ” ಎಂದು ಹಾಡುತ್ತಿದ್ದಳು, ಅವನು ಕೇಕೆ ಹಾಕಿ ಕಾಲೆತ್ತುತ್ತಿದ್ದ. ಹೀಗೆ ಮಿಣುಕನಾಡಿನವರೆಲ್ಲ ಬಿಸಿ ಹೋಳಿಗೆ ಉಂಡು, ಹಾಡಿಕೊಂಡು, ನೂರ್ಕಾಲ ನಗುನಗುತ್ತ ಬಾಳಿದರು.