ಶಿವಕಾಂತಮ್ಮನ ದಮ್ಮಿನ ಪುಡಿ

ಶಿವಕಾಂತಮ್ಮ ಅಂಗಳದಲ್ಲಿ ಬಿದ್ದಿದ್ದನ್ನು ಮೊದಲು ಕಂಡವಳು ಸೊಸೆ ಸುನಿತಾ. ತುಟಿ ನೀಲಿಗಟ್ಟಿತ್ತು. ಕೈಯಲ್ಲಿ ದಮ್ಮಿನ ಔಷಧಿ ಎಳೆಯುವ ಯಂತ್ರ. ಭೂಸನೂರಿನ ಮೇಲೆ ಸಕ್ಕರೆ ಕಾರ್ಖಾನೆಯ ಹೊಗೆ ಮಂಜಿನೊಡನೆ ಬೆರೆತು, ಊರಿಗೆ ಊರೇ ಕನಸಿನಲ್ಲಿದ್ದಂತಿತ್ತು.

ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಆದರೆ ಯಂತ್ರದಲ್ಲಿದ್ದ ಪುಡಿ ಔಷಧಿಯಲ್ಲ ಎಂದರು ಡಾಕ್ಟರು. ಮಿಕ್ಕಿದ್ದನ್ನು ಊರ ಬಾಯಿ ಸೇರಿಸಿತು. ಸೊಸೆಯೇ ವಿಷ ಹಾಕಿದ್ದಾಳಂತೆ.

*

ಪಿಎಸ್‌ಐ ಗುರುಶಾಂತ, ಶಿವಕಾಂತಮ್ಮ ಔಷಧಿ ಕೊಂಡಿದ್ದ ಆಳಂದದ ಅಂಗಡಿಗೆ ಬಂದರು.

"ಮಾಲು ನಿಮ್ದು. ನಕಲಿ ಇತ್ತೇನ್ರಿ?"

ಫಾರ್ಮಾಸಿಸ್ಟ್ ಭಾಗ್ಯಜ್ಯೋತಿಗೆ ಸಿಟ್ಟು ಮೂಗಿನ ತುದಿಯಲ್ಲೇ. "ಡಬ್ಬಿ ಸೀಲು ಗಂಡ ಹೆಂಡ್ತಿ ಇಬ್ಬರ ಮುಂದನ ಒಡದೇನಿ. ಮೊದಲನೇ ಪುಡಿ ಗುಳಿಗಿ ಯಂತ್ರದಾಗ ಹಾಕಿ, ಇಲ್ಲೇ ಕೂಡಿಸಿ ಎಳೆಸೇನಿ."

"ಹಂಗಾದ್ರ ಸೊಸಿನ. ಇವತ್ತ ಠಾಣೆಕ್ಕ ಕರಕೊಂಡು ಹೋಗ್ತೇನಿ."

"ಮೊದಲ ಆ ಮನಿ ತೋರಸ್ರಿ."

*

ಶಿವಕಾಂತಮ್ಮ ಆಸ್ಪತ್ರೆಯಿಂದ ಮರಳಿ ಮಂಚದ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಗಂಡ ಶಾಂತಲಿಂಗಪ್ಪ. ಬಾಗಿಲಲ್ಲಿ ಸುನಿತಾ, ಅತ್ತೂ ಅತ್ತೂ ಕಣ್ಣು ಬಾತಿತ್ತು.

"ಹ್ಯಾಂಗ ಎಳೀತಿದ್ರಿ? ಖಾಲಿ ಯಂತ್ರದಾಗ ತೋರಸ್ರಿ," ಎಂದಳು ಭಾಗ್ಯಜ್ಯೋತಿ.

ಶಿವಕಾಂತಮ್ಮ ಉಸಿರು ಹೊರಹಾಕಿ, ಜೋರಾಗಿ ಒಳಗೆಳೆದು, ಹಿಡಿದಿಟ್ಟರು. ಒಂದೂ ತಪ್ಪಿಲ್ಲ.

"ರುಚಿ?"

"ಮೊದಮೊದಲ ನಾಲಿಗಿಗೆ ಸಣ್ಣಗ ಸಿಹಿ ಹತ್ತತಿತ್ತು. ಈಚಿಗಿ ಮಣ್ಣ ನೆಕ್ಕಿದಂಗ."

ಭಾಗ್ಯಜ್ಯೋತಿ ಡಬ್ಬಿಯ ಗುಳಿಗೆಯೊಂದನ್ನು ಬಿಚ್ಚಿ ಪುಡಿಯನ್ನು ಬೆರಳಿನಲ್ಲಿ ಉಜ್ಜಿದಳು. ಬೂದು ಬಣ್ಣ, ಬೆಣ್ಣೆಯ ನುಣುಪು. ಹುಟ್ಟಿದಂದಿನಿಂದ ಹಣೆಗೆ ಹಚ್ಚಿಕೊಂಡದ್ದು ಬೆರಳಿಗೆ ಗುರುತು ಸಿಗದೇ ಇರುತ್ತದೆಯೇ? ವಿಭೂತಿ.

"ಡಬ್ಬಿ ಎಲ್ಲಿ ಇಡ್ತೀರಿ, ಸುನಿತಾ?"

"ದೇವರ ಜಗಲಿ ಮ್ಯಾಲ್ರಿ. ಪೂಜಿ ಆದಮ್ಯಾಲ ಮಾವಾರ ಒಂದೊಂದ ಗುಳಿಗಿ ಕೊಡ್ತಾರ. ಜಗಲಿ ಬ್ಯಾರೆ ಯಾರೂ ಮುಟ್ಟಂಗಿಲ್ಲರಿ."

ದೂರದ ಕಬ್ಬಿನ ಹಾಲಿನ ವಾಸನೆ ತೇಲಿ ಬಂತು.

"ಕೊಲ್ಲಾಕ ಹೊಂಟವರು ವಿಭೂತಿ ಯಾಕ ತುಂಬ್ತಾರ, ಸಾಹೇಬ್ರ?" ಎಂದಳು ಭಾಗ್ಯಜ್ಯೋತಿ. "ಇದು ಉಳಸಾಕ ಬಯಸಿದವರ ಕೆಲಸ. ಜಗಲಿಗೆ ಕೈ ಹಚ್ಚೋರು ಒಬ್ಬರ. ಹೌದಲ್ರಿ, ಕಾಕಾ?"

ಶಾಂತಲಿಂಗಪ್ಪ ತಲೆ ಎತ್ತಲಿಲ್ಲ. "ಹೌದ್ರಿ. ಇಕಿ ಎದಿ ಸುಂಯ್ ಅನ್ನೂದು ಕೇಳಿ ಕೇಳಿ ನನ್ನ ಜೀವ ಹೋಗಿತ್ತು. ಪುಡಿ ನೇರ ಪುಪ್ಪುಸಕ್ಕ ಹೋಗತೈತಿ ಅಂತ ಅಂಗಡ್ಯಾಗ ನೀವ ಹೇಳಿದ್ರಿ. ಹಣಿಮ್ಯಾಲಿನ ದೇವರು ಒಳಗೂ ಹೋಗಲಿ ಅಂದೆ. ಔಷಧಿ ಚೆಲ್ಲಿ ಇದನ್ನ ತುಂಬಿದೆ."

ಭಾಗ್ಯಜ್ಯೋತಿ ಬಿಚ್ಚಿದ ಗುಳಿಗೆಯನ್ನು ಅವರ ಮುಂದಿಟ್ಟಳು. "ಆ ದಾರಿ ಭಾಳ ಸೂಕ್ಷ್ಮ ಐತ್ರಿ. ಔಷಧಿ ಬಿಟ್ಟು ಬ್ಯಾರೆ ಏನ ಹೋದರೂ ಮುಚ್ಚತೈತಿ. ವಿಭೂತಿ ಹಣಿಮ್ಯಾಲ ಇರಲಿ."

ಗುರುಶಾಂತ ಟೋಪಿ ತೆಗೆದು ಮಂಚದತ್ತ ತಿರುಗಿದರು. "ಏನ್ ಮಾಡೂಣ್ರಿ, ಅವ್ವಾರ? ಕೇಸು?"

ಶಿವಕಾಂತಮ್ಮ ಗಂಡನನ್ನೇ ನೋಡುತ್ತ ನಿಧಾನ ಉಸಿರೆಳೆದುಕೊಂಡರು.

"ಬೂದಿ ತುಂಬಿದ್ದ ನಾ ಇವತ್ತ ಮರೀತೇನಿ. ಊರ ಮಂದಿ ಈ ಹುಡುಗಿನ ವಿಷ ಹಾಕಿದಾಕಿ ಅಂದಾಗ ಬಾಯಿ ಮುಚಗೊಂಡ ಕುಂತ್ರಲ್ಲ, ಅದನ್ನ ಹ್ಯಾಂಗ ಮರೀಲಿ?"

"ಅಂಜಿದ್ದೆ," ಎಂದರು ಶಾಂತಲಿಂಗಪ್ಪ.

"ಆಕಿಗೆ ಅಂಜಿಕಿ ಇರಲಿಲ್ಲೇನು?"

ಮುದುಕರು ಎದ್ದರು. ಬಾಗಿಲ ತನಕ ಹೋಗಿ, ಸೊಸೆಯ ಮುಂದೆ ಕೈಮುಗಿದು ನಿಂತರು. ಸುನಿತಾ ಅವರನ್ನು ದಾಟಿ ಒಳಬಂದು, ಅತ್ತೆಯ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದಳು. ಮಾವನ ಕಡೆ ತಿರುಗಿ ನೋಡಲಿಲ್ಲ.