ಮಂಜಿಯಜ್ಜಿಯ ಬಲಗೈ

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕುಳಿತಿದ್ದಾಗ ಬೇಲಿಯ ಹೊರಗೆ ಆಟೋ ನಿಂತ ಸದ್ದಾಯಿತು. ದೇವಿ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಜಗಲಿಗೆ ಬಂದು ನೋಡಿದಳು. ಇಳಿದವಳು ಹಿರಿಯ ಮಗಳು ಉಮಾ. ಐದು ತಿಂಗಳ ಬಸುರಿ. ಸೊಂಟದ ಮೇಲೆ ಮೂರು ವರ್ಷದ ಮಗು, ಇನ್ನೊಂದು ಕೈಯಲ್ಲಿ ಬಟ್ಟೆ ತುರುಕಿದ ಅಕ್ಕಿಯ ಚೀಲ. ಗಂಡನ ಊರು ಧಾರೇಶ್ವರದಿಂದ ಭಟ್ಕಳಕ್ಕೆ ಬಸ್ಸಿನಲ್ಲಿ, ಅಲ್ಲಿಂದ ತೆಂಗಿನಗುಂಡಿಗೆ ಆಟೋದಲ್ಲಿ ಜೊತೆಗೆ ಬಂದಿದ್ದ ಗಂಡ ಗಿರೀಶ ಮಾತ್ರ ಕುಳಿತಲ್ಲಿಂದ ಏಳಲಿಲ್ಲ.

"ಒಳಗೆ ಬನ್ನಿ, ಒಂದು ಲೋಟ ನೀರಾದ್ರೂ ಕುಡ್ಕಂಡು ಹೋಗಿ," ಅಂದಳು ದೇವಿ ಅಳಿಯನಿಗೆ.

ಗಿರೀಶ ತನ್ನ ಮೊಣಕಾಲನ್ನೇ ನೋಡುತ್ತಿದ್ದ. "ಬ್ಯಾಡ ಅತ್ತೆ. ಈ ಮನೇಲಿ ಎಂತದೂ ಕುಡೂಕಾಗದು ಅಂತ ಅಮ್ಮ ಹೇಳಿದಾಳೆ..."

ಆಟೋ ತಿರುಗಿ ಹೋಯಿತು. ಉಮಾ ಚೀಲವನ್ನು ಜಗಲಿಯ ಮೇಲಿಟ್ಟು, ಬಾಗಿಲಲ್ಲಿ ನಿಂತಿದ್ದ ತಂಗಿ ಚಂದನಾಳ ಮುಖ ನೋಡಿದಳು. ಅತ್ತು ಅತ್ತು ಉಮಾಳ ಕಣ್ಣುಗಳು ಒಣಗಿಹೋಗಿದ್ದವು.

"ನಿಂಗೆ ಪರದೇಶದ ಸೀಟು ಸಿಕ್ತಲ್ಲ ಚಂದನಾ. ನಂದು ಹೋತು."

ಒಳಗೆ ಊಟಕ್ಕೆ ಕುಳಿತಿದ್ದ ಮಂಜಿಯಜ್ಜಿಗೆ ಆ ಮಾತು ಕೇಳಿಸಿತು. ಅವಳು ಬಟ್ಟಲು ಸರಿಸಿ, ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆ ಬಲಗೈಯ ಕಥೆ ನಲವತ್ತು ವರ್ಷ ಹಿಂದಿನದು. ಆಗ ಮಂಜಿಗೆ ಮೂವತ್ತೆರಡು ವರ್ಷ, ಮಗ ವೆಂಕ್ಟ್ರಮಣನಿಗೆ ಹತ್ತು. ಮೊದಲು ಬೆನ್ನ ಮೇಲೆ ಒಂದು ಮಚ್ಚೆ ಕಂಡಿತು. ಆಮೇಲೆ ಒಲೆಯ ಕೆಂಡ ತಾಗಿದರೂ ಬೆರಳಿಗೆ ತಿಳಿಯದಾಯಿತು. ಸೈಕಲ್ ಮೇಲೆ ಬರುತ್ತಿದ್ದ ಸರಕಾರದ ನರ್ಸಬಾಯಿ ನೋಡಿದವಳೇ ಕುಷ್ಠ ಎಂದಳು, ಮಾತ್ರೆ ಕೊಟ್ಟಳು, ವಾಸಿಯಾಗುತ್ತದೆ ಎಂದೂ ಹೇಳಿದಳು. ಮಂಜಿಯ ಗಂಡ ಆ ಕೊನೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಹಿತ್ತಲಲ್ಲಿ ತೆಂಗಿನ ಗರಿಯ ಒಂದು ಬಿಡಾರ ಕಟ್ಟಿದ. ಹದಿನಾಲ್ಕು ತಿಂಗಳು ಅವಳು ಅಲ್ಲೇ ಇದ್ದಳು. ಬಾಳೆಲೆಯಲ್ಲಿ ಅನ್ನ ಹಾಕಿ ಕೋಲಿನಿಂದ ಮುಂದಕ್ಕೆ ನೂಕುತ್ತಿದ್ದರು. ಮಗ ದೂರ ನಿಂತು ನೋಡಿ ಹೋಗುತ್ತಿದ್ದ. ರೋಗ ವಾಸಿಯಾಯಿತು, ಎರಡು ಬೆರಳು ಒಳಕ್ಕೆ ಬಗ್ಗಿದ್ದು ಮಾತ್ರ ಬಗ್ಗಿಯೇ ಉಳಿಯಿತು. ಭತ್ತ ಬೇಯಿಸುವಾಗ ಹಂಡೆ ಮಗುಚಿ ಕೈ ಸುಟ್ಟಿತು ಎಂದು ಊರಿಗೆ ಹೇಳಿದರು. ಊರು ನಂಬಿತು. ಹೇಳಿದವರೂ ಬರಬರುತ್ತ ನಂಬಿದರು.

ನಿಜವನ್ನು ಅಜ್ಜಿ ತಾನಾಗಿ ಬಾಯಿಬಿಟ್ಟು ಹೇಳಿದ್ದು ಒಬ್ಬಳಿಗೆ, ಚಂದನಾಳಿಗೆ.

ಚಂದನಾ ಮಂಗಳೂರಿನಲ್ಲಿ ಓದುತ್ತಿದ್ದಳು. ಜಾಗತಿಕ ಆರೋಗ್ಯ ಎಂದು ಆ ಓದಿಗೆ ಹೆಸರು. ಡಾಕ್ಟರಿಕೆಯಲ್ಲ. ಒಂದು ಊರಿನವರಿಗೆ ರೋಗ ಯಾಕೆ ಬರುತ್ತದೆ, ಔಷಧಿ ಇದ್ದರೂ ಜನ ಯಾಕೆ ಅಡಗಿಸುತ್ತಾರೆ, ಇಂಥದನ್ನೆಲ್ಲ ದೇಶದೇಶಗಳನ್ನು ಹೋಲಿಸಿ ಕಲಿಯುವುದು. ಎರಡನೆಯ ವರ್ಷವನ್ನು ಸ್ಕಾಟ್ಲೆಂಡಿನಲ್ಲಿ ಓದುವುದಕ್ಕೆ ಅವಳ ತರಗತಿಯಿಂದ ಒಬ್ಬರಿಗೆ ಅವಕಾಶ. ಊಟ, ವಸತಿ, ಓದು ಎಲ್ಲದರ ಖರ್ಚೂ ಅಲ್ಲಿಯವರದೇ. ಆದರೆ ಈ ಓದು ನಿನಗೆ ಯಾಕೆ ಬೇಕು ಎಂದು ಎರಡು ಪುಟ ಬರೆದು ಕಳಿಸಬೇಕಿತ್ತು. ರಜೆಗೆ ಬಂದ ಚಂದನಾ ಮೂರು ದಿನ ಬರೆದು ಹರಿದು ಮಾಡುತ್ತ ಕುಳಿತಿದ್ದಳು. ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿ, ಬಗ್ಗಿದ ಬೆರಳಿನ ಸಂದಿಯಲ್ಲಿ ಬಾಳೆನಾರು ಸಿಕ್ಕಿಸಿಕೊಂಡು, ತಲೆಯೆತ್ತದೆ ಎಲ್ಲವನ್ನೂ ಹೇಳಿದಳು. ಬಿಡಾರ, ಕೋಲು, ಬಾಳೆಲೆ.

"ಇದನ್ನ ಬರೀಲಾ ಅಜ್ಜಿ?"

"ಬರಿ. ಸಮುದ್ರದ ಆಚೆಗಿನವ್ರು ನಂಗೆ ಎಂತ ನೆಂಟ್ರ? ಯಾರಾದ್ರೂ ಒಬ್ರು ತಿಳ್ಕಳ್ಲಿ."

ಸೀಟು ಸಿಕ್ಕಿತು. ಮನೆಯ ಕಪಾಟಿನ ಬಾಗಿಲಿಗೆ ಚಂದನಾ ಒಂದು ಪಟ್ಟಿ ಅಂಟಿಸಿದಳು. ಪಾಸ್‌ಪೋರ್ಟ್ ಬಂದ ದಿನ ಮೊದಲ ಸಾಲನ್ನು ಹೊಡೆದುಹಾಕಿದಳು. ವೀಸಾದ ತಾರೀಕು, ಹಾಕಿಸಿಕೊಳ್ಳಬೇಕಾದ ಚುಚ್ಚುಮದ್ದು, ಆರಿಸಿಕೊಳ್ಳಬೇಕಾದ ಪಾಠಗಳು, ಉಣ್ಣೆಯ ಅಂಗಿ. ಟೆಂಪೋ ಓಡಿಸುವ ವೆಂಕ್ಟ್ರಮಣ ಭಟ್ಕಳ ಪೇಟೆಯ ದುಬೈ ಸಾಮಾನಿನ ಅಂಗಡಿಯಿಂದ ದೊಡ್ಡ ನೀಲಿ ಸೂಟ್‌ಕೇಸ್ ತಂದ. ಅಂಗಡಿಯ ಸಾಹೇಬರು ಅದರ ಮೇಲೆ ಹತ್ತಿ ನಿಂತು ತೋರಿಸಿದರಂತೆ, ಮುರಿಯುವುದಿಲ್ಲ ಎಂದು. ಆ ಊರು ಸಮಯದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ ಎನ್ನುವುದನ್ನು ಅಜ್ಜಿ ಕೇಳಿ ಗಟ್ಟಿ ಮಾಡಿಕೊಂಡಿದ್ದಳು. ಸಂಜೆ ಹೂ ಕಟ್ಟಲು ಕುಳಿತಾಗ, "ಈಗ ಅಲ್ಲಿ ಮಧ್ಯಾನ, ಅಲ್ದ?" ಎನ್ನುವಳು.

ತಪ್ಪಾದದ್ದು ಸಂತೋಷದಲ್ಲಿಯೇ. ಸಮಾಜದವರು ಕರ್ಕಿಯ ಸಭಾಭವನದಲ್ಲಿ ಚಂದನಾಳಿಗೆ ಸನ್ಮಾನ ಇಟ್ಟುಕೊಂಡರು. ಹಾರ ಹಾಕುವ ಮೊದಲು ಹುಡುಗಿಯ ಬಗ್ಗೆ ಎರಡು ಪುಟ ಓದುವುದು ಅಲ್ಲಿಯ ಪದ್ಧತಿ. ಬರೆಸಿಕೊಡಿ ಎಂದು ವೆಂಕ್ಟ್ರಮಣನಿಗೆ ಫೋನ್ ಬಂತು. ಮಗಳು ವೀಸಾದ ಕೆಲಸಕ್ಕೆ ಹೋಗಿದ್ದಳು. ಅವನು ಅವಳ ಫೈಲು ತೆಗೆದ. ಮೊಹರು ಬಿದ್ದ ಎರಡು ಪುಟ ಇಂಗ್ಲಿಷ್ ಸಿಕ್ಕಿತು. ಅವನು ಓದಿದ್ದು ನಾಲ್ಕನೆಯ ತರಗತಿ. ಪರದೇಶದವರು ಇಷ್ಟೊಂದು ಮೆಚ್ಚಿದ್ದನ್ನು ನಮ್ಮವರೂ ಕೇಳಲಿ ಎಂದುಕೊಂಡು, ಅದನ್ನೇ ಒಯ್ದು ನಿವೃತ್ತ ಮಾಸ್ತರ ಮಧುಸೂದನರ ಕೈಗೆ ಕೊಟ್ಟ. ಪರವೂರಿನಿಂದ ಬಂದು ನೆಲೆಸಿದ್ದ ಮಾಸ್ತರಿಗೆ ಈ ಮನೆಯ ಹಂಡೆಯ ಕಥೆ ಗೊತ್ತಿರಲಿಲ್ಲ. ಅಪ್ಪನೇ ತಂದುಕೊಟ್ಟಿದ್ದಾನೆಂದರೆ ಮನೆಯವರ ಒಪ್ಪಿಗೆ ಇದೆಯೆಂದು ತಿಳಿದು, ಕಣ್ಣೀರು ಒರೆಸಿಕೊಂಡು ಕನ್ನಡಕ್ಕೆ ತಿರುಗಿಸಿದರು.

ಚಂದನಾ ಆ ದಿನ ಮಂಗಳೂರಿನಿಂದ ನೇರ ಕರ್ಕಿಗೆ ಬಂದಿದ್ದಳು. ಮಾಸ್ತರು ಮೈಕಿನ ಮುಂದೆ, "ನನ್ನ ಅಜ್ಜಿಗೆ ಕುಷ್ಠವಾಗಿತ್ತು..." ಎಂದು ಶುರುಮಾಡಿದಾಗ ಅವಳು ವೇದಿಕೆಯ ಕುರ್ಚಿಯಿಂದ ಏಳಲು ನೋಡಿದಳು. ಮೊದಲ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕುಳಿತಿದ್ದ ಅಜ್ಜಿಯ ಸೆರಗಿನ ಕಡೆಗೆ ತಲೆಗಳು ಒಂದೊಂದಾಗಿ ತಿರುಗಿದವು. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ಎರಡನೆಯ ಸಾಲಿನಲ್ಲಿ ಉಮಾಳ ಅತ್ತೆ ಭಾರತಿ ಕುಳಿತಿದ್ದಳು.

ಮರುದಿನ ಮಧ್ಯಾಹ್ನ ಆ ಆಟೋ ಬಂದದ್ದು.

ಮಲ್ಲಿಗೆ ಕೊಳ್ಳುವ ಲಿಂಗಪ್ಪ ಅದೇ ಸಂಜೆ, "ಸ್ವಲ್ಪ ದಿನ ಹೂವು ಬ್ಯಾಡ ದೇವಿ, ಯಾರು ಕಟ್ಟಿದ್ದು ಅಂತ ಕೇಳ್ತ್ರು," ಎಂದು ಹೇಳಿ ಹೋದ. ಅಜ್ಜಿ ಕಟ್ಟಿದ ಮಾಲೆ ಎಷ್ಟೋ ಮದುಮಗಳ ತಲೆಗೆ ಏರಿತ್ತು. ಬಿಡಿಸಿಟ್ಟ ಮೊಗ್ಗು ಮೊರದಲ್ಲೇ ಬಾಡಿತು. ವೆಂಕ್ಟ್ರಮಣ ಬಾವಿಕಟ್ಟೆಯ ಮೇಲೆ ಕುಳಿತು ತನ್ನ ಎರಡೂ ಕೈಯನ್ನು ನೋಡಿಕೊಳ್ಳುತ್ತಿದ್ದ.

ಮೂರನೆಯ ದಿನ ಬೆಳಿಗ್ಗೆ ಭಾರತಿ ಬಂದಳು. ಅಂಗಳದಲ್ಲೇ ಕೊಡೆ ಹಿಡಿದು ನಿಂತಳು, ಜಗಲಿ ಹತ್ತಲಿಲ್ಲ.

"ನಾ ಜಗಳಕ್ಕೆ ಬಂದದ್ದಲ್ಲ ಬೀಗರೆ. ಜಗಳ ಆಡೂಕೆ ಎಂತ ಉಳಿದದೆ? ಹಂಡೆ ಬಿದ್ದದ್ದು ಅಂದ್ರಿ. ಏಳು ವರ್ಷ ನಂಬ್ದೆ."

ಚಂದನಾ ಇಳಿದು ಅವಳ ಎದುರು ನಿಂತಳು. "ಅತ್ತೆ, ಅದು ರಕ್ತದಲ್ಲಿ ಬರುವ ರೋಗ ಅಲ್ಲ. ಅಜ್ಜಿಗೆ ವಾಸಿ ಆಗಿ ನಲವತ್ತು ವರ್ಷ ಆತು. ಯಾರಿಗೂ ಹರಡೂದಿಲ್ಲ. ಬೇಕಾದ್ರೆ ನೀವು ಹೇಳಿದ ಡಾಕ್ಟರ ಹತ್ರವೇ ಹೋಗ್ವ."

"ಗೊತ್ತು ಮಗಾ. ನಮ್ಮ ಸಣ್ಣ ಮಗ ಶಿಶಿರನೂ ಮೊಬೈಲು ನೋಡಿ ಅದನ್ನೇ ಹೇಳ್ದ. ನಾ ನಂಬ್ದೆ ಅಂತಲೇ ಇಟ್ಕ. ನಮ್ಮ ಮಗಳು ಹೇಮನ್ನ ಹೆಣ್ಣು ನೋಡೂಕೆ ಕುಮಟೆಯಿಂದ ಬರ್ತೆ ಅಂದವ್ರು ಈಗ ಫೋನೇ ಎತ್ತೂದಿಲ್ಲ. ಅವ್ರ ಮನೆಗೂ ಹೋಗಿ ಪಾಠ ಹೇಳ್ತ್ಯಾ? ಧಾರೇಶ್ವರದ ಪ್ರತಿ ಮನೆಗೂ ಹೋಗ್ತ್ಯಾ?"

ಕಳಂಕ ಹೋಗಲಾಡಿಸುವುದು ಹೇಗೆ ಎಂದು ಚಂದನಾ ಪರೀಕ್ಷೆಯಲ್ಲಿ ಹನ್ನೆರಡು ಪುಟ ಬರೆದಿದ್ದಳು. ಅವಳು ಎರಡು ಹೆಜ್ಜೆ ಹಿಂದೆ ಸರಿದು ಜಗಲಿಯ ಮೆಟ್ಟಿಲ ಮೇಲೆ ಕುಳಿತಳು.

"ಹಂಗಾರೆ ಎಂತ ಮಾಡ್ಬೇಕು ಹೇಳಿ," ಅಂದಳು ದೇವಿ, ಕೈಮುಗಿದು.

"ಎಲ್ಲಿ ಓದಿದ್ರೋ ಅಲ್ಲೇ ಹೇಳ್ಬೇಕು. ಸೀಟಿನ ಆಸೆಗೆ ಕಟ್ಟಿ ಬರೆದ ಸುಳ್ಳು ಅದು, ನಮ್ಮ ಅಜ್ಜಿಗೆ ಹಂಗೆ ಎಂತದೂ ಆಗಿರಲಿಲ್ಲ ಅಂತ. ಮತ್ತೆ ಇವಳು ಆ ಊರಿಗೆ ಹೋಗೂದೇ ಬ್ಯಾಡ."

"ಹೋಗೂದಕ್ಕೂ ಇದಕ್ಕೂ ಎಂತ ಸಂಬಂಧ?" ವೆಂಕ್ಟ್ರಮಣನ ಬಾಯಿಂದ ಆ ದಿನಗಳಲ್ಲಿ ಬಂದ ಮೊದಲ ಮಾತು ಅದು.

"ಆ ಕಾಗದ ಹಿಡ್ಕಂಡೇ ವಿಮಾನ ಹತ್ತಿದ್ರೆ ಸುಳ್ಳು ಅಂತ ಯಾರು ನಂಬ್ತ್ರು ಬೀಗರೆ? ನಿಜ ಇದ್ದದ್ದಕ್ಕೇ ಕರ್ದ್ರು ಅಂತಾರೆ." ಭಾರತಿ ಕೊಡೆ ಮಡಚಿದಳು. ಜಗಲಿಯ ಕಂಬದ ಹಿಂದೆ ನಿಂತಿದ್ದ ಮೊಮ್ಮಗುವನ್ನು ನೋಡಿದಳು. ಅವಳ ದನಿ ಸ್ವಲ್ಪ ಇಳಿಯಿತು. "ನಂಗೂ ಆ ಕೂಸಿಲ್ದೆ ಅನ್ನ ಸೇರೂದಿಲ್ಲ. ಆದ್ರೆ ನಂದೂ ಒಂದು ಹೆಣ್ಣದೆ... ಎಂತ ಮಾಡ್ಲಿ ಹೇಳಿ."

ಅವಳು ಹೋದ ಮೇಲೆ ಉಮಾ ತಂಗಿಯ ಪಕ್ಕದಲ್ಲಿ ಬಂದು ಕುಳಿತಳು. "ನಾನಾಗಿ ಎಂತದೂ ಕೇಳೂದಿಲ್ಲ ಚಂದನಾ," ಅಂದಳು. "ಆದ್ರೆ ಈ ಕೂಸು ರಾತ್ರಿ ಅಪ್ಪ ಎಲ್ಲಿ ಅಂತ ಕೇಳ್ತದೆ. ನಾ ಎಂತ ಹೇಳ್ಲಿ..."

ಬೇರೆ ದಾರಿ ಇದೆಯೇ ಎಂದು ಕೇಳಲು ಚಂದನಾ ಮಾಸ್ತರ ಹತ್ತಿರ ಹೋಗಿ ಬಂದಳು. ಅಜ್ಜಿಯ ಮಾತಿಲ್ಲದ ಬೇರೆ ಪತ್ರ ಬರೆದು ಸೀಟು ಕೇಳಬಹುದೇ ಎಂದು ಮಂಗಳೂರಿನ ಕಾಲೇಜಿಗೂ ಫೋನ್ ಮಾಡಿದಳು. ಆಗುವುದಿಲ್ಲ, ಈ ವರ್ಷ ಬಿಟ್ಟರೆ ಓದು ಮುಗಿಯುವುದರೊಳಗೆ ಮತ್ತೆ ಅವಕಾಶವಿಲ್ಲ ಎಂದರು. ಆ ಸಂಜೆ ಅವಳು ಕಪಾಟಿನ ಪಟ್ಟಿಯನ್ನು ಉಗುರಿನಿಂದ ನಿಧಾನವಾಗಿ ಬಿಡಿಸಿ ತೆಗೆದಳು. ಹರಿಯಲಿಲ್ಲ. ಅದರಲ್ಲಿ ಹೊಡೆಯದೆ ಉಳಿದಿದ್ದದ್ದು ಎರಡೇ ಸಾಲು.

ವೆಂಕ್ಟ್ರಮಣ ಮಗಳ ಮುಂದೆ ಬಂದು ನಿಂತ. "ನಾ ಇಂಗ್ಲಿಷ್ ಓದುಕೆ ಬಾರದವ, ಮಗಾ..." ಎಂದ. ಚಂದನಾ ಅವನ ಅಂಗಿಯ ಕಳಚಿದ ಗುಂಡಿಯನ್ನು ಹಾಕಿದಳು. "ನೀವು ಒಳ್ಳೇದಕ್ಕೇ ಕೊಟ್ಟದ್ದು ಅಪ್ಪ. ಊಟ ಮಾಡಿ."

ಭಾನುವಾರ ಮತ್ತೆ ಕರ್ಕಿಯ ಸಭಾಭವನ. ಈ ಸಲ ಹಾರವಿರಲಿಲ್ಲ, ಮೈಕೂ ಇರಲಿಲ್ಲ. ಬಂದಿದ್ದವರು ಮೂವತ್ತು ನಲವತ್ತು ಜನ. ಚಂದನಾ ಎದ್ದು ನಿಂತು ಹೇಳಬೇಕಾದದ್ದನ್ನು ಹೇಳಿದಳು. ಹಿಂದಿನಿಂದ ಯಾರೋ, "ಹಂಗಾರೆ ಮುದುಕಿ ಕೈ ಎಂತ ಆದದ್ದು?" ಎಂದು ಕೇಳಿದರು. ಚಂದನಾ ಬಾಯಿ ತೆರೆಯುವ ಮೊದಲೇ ಮಂಜಿಯಜ್ಜಿ ಎದ್ದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಜನರ ಎದುರು ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಮೇಲೆತ್ತಿ ಹಿಡಿದಳು.

"ಭತ್ತ ಬೇಯಿಸ್ವಾಗ ಹಂಡೆ ಬಿದ್ದದ್ದು. ಆಗ ನಂಗೆ ಮೂವತ್ತೆರಡು ವರ್ಷ. ಈ ಹುಡ್ಗಿ ಆಸೆಗೆ ಬಿದ್ದು ಸುಳ್ಳು ಬರದ್ಳು. ಸಣ್ಣದು, ತಪ್ಪು ಮಾಡ್ತು. ನೀವು ಮನಸಿಗೆ ತಕಳ್ಬೇಡಿ."

ಮಧುಸೂದನ ಮಾಸ್ತರು ಮುಖ ಆಚೆ ತಿರುಗಿಸಿಕೊಂಡರು.

ಮರುದಿನ ಗಿರೀಶ ಬಂದ. ಈ ಸಲ ಆಟೋದಿಂದ ಇಳಿದು ಜಗಲಿಯ ತುದಿಯಲ್ಲಿ ನಿಂತ. ದೇವಿ ಕೊಟ್ಟ ನೀರನ್ನು ಕೈಯಲ್ಲಿ ಹಿಡಿದುಕೊಂಡಿದ್ದು, ಕುಡಿಯದೆ ಕೆಳಗಿಟ್ಟ. ಹೆರಿಗೆಗೆ ತವರಿಗೆ ಕಳಿಸುವುದಿಲ್ಲ, ಅಲ್ಲೇ ಆಗಲಿ ಎಂದು ಅಮ್ಮ ಹೇಳಿದ್ದಾಳೆ ಎಂದ. ಬಂದುಹೋಗುವ ಮಾತು ಇನ್ನು ಬೇಡ, ಬೇಕಾದರೆ ಫೋನ್ ಮಾಡಿ ಎಂದ. ಅಕ್ಕಿಯ ಚೀಲದಲ್ಲಿ ತಂದ ಬಟ್ಟೆಯನ್ನು ಮತ್ತೆ ಅದರಲ್ಲೇ ತುಂಬುತ್ತಿದ್ದ ಉಮಾಳನ್ನು ಚಂದನಾ ತಡೆದಳು. ನೀಲಿ ಸೂಟ್‌ಕೇಸ್ ತಂದು, ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹರಿದು, ಅಕ್ಕನ ಸೀರೆಗಳನ್ನೂ ಮಗುವಿನ ಅಂಗಿಗಳನ್ನೂ ಒಂದೊಂದಾಗಿ ಮಡಚಿ ಇಟ್ಟಳು. ಅರ್ಧವೂ ತುಂಬಲಿಲ್ಲ. ಉಮಾ ಅದರ ಹಿಡಿಕೆ ಹಿಡಿದುಕೊಂಡು ತಂಗಿಯನ್ನು ನೋಡಿದಳು. ಹೊರಗೆ ಆಟೋದವನು ಹಾರ್ನ್ ಮಾಡಿದ.

ಅಂದಿನಿಂದ ಅಜ್ಜಿ ಮುಂದಿನ ಜಗಲಿಗೆ ಬರುವುದನ್ನು ಬಿಟ್ಟಳು. ಯಾರೂ ಹೇಳಿದ್ದಲ್ಲ. ತಾನೇ ಚಾಪೆ ಸುತ್ತಿಕೊಂಡು ಹೋಗಿ ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ ಹಾಸಿಕೊಂಡಳು. ಹಿಂದೆ ಗರಿಯ ಬಿಡಾರವಿದ್ದ ಜಾಗ ಅದರ ಕಿಟಕಿಯಿಂದ ಕಾಣುತ್ತಿತ್ತು. ಮಲ್ಲಿಗೆಯನ್ನು ಈಗ ದೇವಿಯೊಬ್ಬಳೇ ಕಟ್ಟುತ್ತಿದ್ದಳು. ಲಿಂಗಪ್ಪ ಮತ್ತೆ ಕೊಳ್ಳತೊಡಗಿದ್ದ, ಮೊದಲಿನ ಅರ್ಧದಷ್ಟು. ಹೇಮಾಳನ್ನು ನೋಡಲು ಬರುತ್ತೇವೆ ಎಂದವರು ಕೊನೆಗೂ ಬರಲಿಲ್ಲ ಎಂದು ಫೋನಿನಲ್ಲಿ ತಿಳಿಯಿತು.

ಚಂದನಾ ಮಂಗಳೂರಿಗೆ ಹೊರಡುವ ಹಿಂದಿನ ದಿನ ಸಂಜೆ, ಒಂದು ಹಿಡಿ ಮೊಗ್ಗು, ಎರಡು ಎಳೆ ಬಾಳೆನಾರು ತಂದು ಅಜ್ಜಿಯ ಮುಂದಿಟ್ಟಳು. "ನಂಗೆ ಮುಡೂಕೆ ಕಟ್ಟಿಕೊಡು."

ಅಜ್ಜಿ ಕಟ್ಟತೊಡಗಿದಳು. ಬಗ್ಗಿದ ಬೆರಳಿನಲ್ಲಿ ನಾರು ಸಿಕ್ಕಿಸಿ, ಎರಡೆರಡು ಮೊಗ್ಗು ಕೂಡಿಸಿ, ಬಹಳ ನಿಧಾನವಾಗಿ. ಅರ್ಧ ಮೊಳವಾದಾಗ ಕೈ ನಿಲ್ಲಿಸಿದಳು.

"ಈಗ ಅಲ್ಲಿ ಮಧ್ಯಾನ, ಅಲ್ದ?"

"ಹೌದು ಅಜ್ಜಿ."

"ಮಗಾ... ಆ ಊರವ್ರು ನಿನ್ನ ಕಾಗದ ಓದಿದ್ರಲ್ಲ. ಅವ್ರಿಗೂ ಸುಳ್ಳು ಅಂತಲೇ ಹೇಳಿದ್ಯಾ?"

"ಇಲ್ಲ. ಬರುಕೆ ಆಗೂದಿಲ್ಲ ಅಂತ ಮಾತ್ರ ಬರೆದೆ."

ಅಜ್ಜಿ ಕಿಟಕಿಯಾಚೆ ನೋಡಿದಳು. ಆಮೇಲೆ ಮುಂದಿನ ಎರಡು ಮೊಗ್ಗು ಎತ್ತಿಕೊಂಡಳು.

"ಆತು," ಅಂದಳು. "ಅಲ್ಲಾದ್ರೂ ಇರ್ಲಿ."