ಕಪಾಟಿಗೆ ಎರಡನೇ ಕೋಟು

ಮೆಟ್ಟಿಲು ಹತ್ತುವಾಗಲೇ ಥಿನ್ನರ್ ವಾಸನೆ ಅವಳ ಮೂಗಿಗೆ ಅಡರಿತು. ಬಾಗಿಲು ತೆರೆದರೆ ಕಣ್ಣಲ್ಲಿ ನೀರೇ ಬಂತು. ಅಡುಗೆಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಅವನು ಮಾತ್ರ ಹಳೆಯ ಪತ್ರಿಕೆಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಪಾಟಿನ ಬಾಗಿಲೊಂದಕ್ಕೆ ಹಸಿರು ಬಣ್ಣ ಬಳಿಯುತ್ತ ಆರಾಮವಾಗಿ ಶಿಳ್ಳೆ ಹಾಕುತ್ತಿದ್ದ.

"ಸಾಯ್ಬೇಕು ಅಂತ ಮಾಡಿದೀಯೇನೋ?" ಅವಳು ಓಡಿಹೋಗಿ ಕಿಟಕಿ ತೆರೆದಳು.

"ಧೂಳು ಬಂದು ಹಸಿ ಬಣ್ಣಕ್ಕೆ ಅಂಟ್ಕೊಳ್ಳುತ್ತೆ ಅಂತ ಮುಚ್ಚಿದೆ."

"ಈ ವಾಸನೆ ಗೊತ್ತಾಗ್ತಿಲ್ವಾ ನಿನಗೆ?"

ಬ್ರಷ್ ಅರೆಗಳಿಗೆ ನಿಂತಿತು. "ಬೆಳಗ್ಗೆಯಿಂದ ಇಲ್ಲೇ ಕೂತಿದ್ದೀನಲ್ಲ, ರೂಢಿ ಆಗೋಯ್ತು," ಎಂದು ನಕ್ಕ. ಮೂಗಿನ ತುದಿಗೆ ಹಸಿರು ಮೆತ್ತಿತ್ತು. ಅವಳಿಗೆ ಸಿಟ್ಟು ಇಳಿದು ನಗು ಬಂತು. ಆದರೆ ಆ ಅರೆಗಳಿಗೆ ಯಾಕೋ ಮನಸ್ಸಿನಲ್ಲಿ ಉಳಿಯಿತು.

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು ಅವಳ ಕೆಲಸ. ಅವನು ಎದುರು ಬೀದಿಯ ಬೇಕರಿಯವನು. ಒಮ್ಮೆ ಕಣ್ಣು ತೋರಿಸಲು ಬಂದವನು ಚಾರ್ಟಿನ ಮೇಲಿನ ಸಾಲುಗಳನ್ನು ಸರಿಯಾಗಿ ಓದಿ, ಕೆಳಗಿನವನ್ನು ಬೇಕೆಂದೇ ತಪ್ಪುತಪ್ಪಾಗಿ ಓದಿದ್ದ. ಬೇಗ ಮುಗಿದರೆ ಎದ್ದು ಹೋಗಬೇಕಲ್ಲ! ಅಲ್ಲಿಂದ ಶುರುವಾದದ್ದು ಈಗ ಮದುವೆಯ ತನಕ ಬಂದಿತ್ತು. ಚಿಕ್ಕಮ್ಮನ ಜೊತೆ ಅವಳು ಇರುವ ಈ ಮನೆಗೇ ಅವನೂ ಬರುವುದೆಂದು ಮಾತಾಗಿತ್ತು. ಅಡುಗೆಮನೆಯ ಕಪಾಟುಗಳು ಎಣ್ಣೆ ಜಿಡ್ಡು ಹಿಡಿದು, ಕಂದು ಬಣ್ಣ ಕರಿದಾಗಿ ಮಂಕು ಬಡಿದಂತಿದ್ದವು.

"ಕೆಲಸದವರು ಯಾಕೆ? ನಾವೇ ಮಾಡೋಣ," ಎಂದಿದ್ದವನು ಅವನೇ. "ಮದುವೆಗೆ ಮುಂಚೆ ಜಗಳ ಆಡಿ ಪ್ರಾಕ್ಟೀಸ್ ಆಗುತ್ತೆ."

ರಜೆಯ ದಿನಗಳೆಲ್ಲ ಅದಕ್ಕೇ ಮೀಸಲಾದವು. ಬಾಗಿಲುಗಳನ್ನು ಬಿಚ್ಚಿ, ಸೋಪಿನ ನೀರಿನಲ್ಲಿ ಜಿಡ್ಡು ತೊಳೆದು, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಪ್ರೈಮರ್ ಬಳಿದರು. ಉಜ್ಜಿದ ಪುಡಿ ಅವಳ ರೆಪ್ಪೆಯ ಮೇಲೆ ಕೂತರೆ ಅವನು ಊದುವ ನೆಪದಲ್ಲಿ ಹತ್ತಿರ ಬರುತ್ತಿದ್ದ. ಸರಿಯಾಗಿ ಆ ಹೊತ್ತಿಗೇ ಚಿಕ್ಕಮ್ಮ ಕಾಫಿ ತರುತ್ತಿದ್ದರು.

"ಬಣ್ಣ ಕಪಾಟಿಗೆ ಬಳಿಯೋದೋ, ಒಬ್ಬರಿಗೊಬ್ಬರೋ?"

"ಕಪಾಟು ಒಣಗೋ ತನಕ ಏನಾದ್ರೂ ಮಾಡ್ಬೇಕಲ್ಲ ಚಿಕ್ಕಮ್ಮ," ಎನ್ನುತ್ತಿದ್ದ.

ಇಂಥವನು ಮೆಲ್ಲಮೆಲ್ಲನೆ ಬದಲಾಗತೊಡಗಿದ. ಹೇಳಿದ ಮಾತನ್ನೇ ಮತ್ತೆ ಹೇಳುತ್ತಿದ್ದ. ಒಲೆಯ ಮೇಲಿನ ಹಾಲು ಸೀದು ಮನೆಯೆಲ್ಲ ಕಮಟಿದರೂ ಪಕ್ಕದಲ್ಲೇ ನಿಂತು ಬ್ರಷ್ ತೊಳೆಯುತ್ತಿದ್ದ. ಹಣೆ ಒತ್ತಿಕೊಂಡು ಗೋಡೆಗೆ ಒರಗುತ್ತಿದ್ದ. ಕೇಳಿದರೆ "ಓವನ್ ಬಿಸಿ, ಇನ್ನೇನು?" ಎಂದು ಸಿಡುಕುತ್ತಿದ್ದ. ಸಿಡುಕು ಅವನ ಜಾಯಮಾನವೇ ಅಲ್ಲ.

"ನಿನ್ನ ಬೇಕರಿಯವನ ಬ್ರೆಡ್ಡು ನೆನ್ನೆನೂ ಸೀದಿತ್ತು ಪುಟ್ಟಿ," ಎಂದರು ಚಿಕ್ಕಮ್ಮ ಒಂದು ಬೆಳಗ್ಗೆ. "ಮನಸ್ಸು ಬೇರೆ ಎಲ್ಲೋ ಇದೆ ಅವನದು. ಸ್ವಲ್ಪ ನೋಡ್ಕೋ."

ಆ ಮಾತು ಮುಳ್ಳಿನಂತೆ ನಾಟಿತು. ಮುಂದಿನ ರಜೆಯ ದಿನ ಅವಳು ಒಣಗಿದ ಬಾಗಿಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಅವನು ಬಳಿದವುಗಳಲ್ಲೆಲ್ಲ ಎಡಗಡೆಯ ಅಂಚು ಬಿಟ್ಟುಹೋಗಿತ್ತು. ಬೆರಳಗಲದ ಬಿಳಿ ಪ್ರೈಮರ್ ಹಾಗೇ ಕಾಣುತ್ತಿತ್ತು.

"ಇದೇನು, ಇಷ್ಟು ಬೇಜವಾಬ್ದಾರಿ?"

ಅವನು ಬಾಗಿಲನ್ನು ನೋಡಿದ. ಆಮೇಲೆ ಕತ್ತು ತಿರುಗಿಸಿ ಮತ್ತೊಮ್ಮೆ ನೋಡಿದ. ಮುಖ ಬಿಳಿಚಿಕೊಂಡಿತು.

"ಮದುವೆ ಸ್ವಲ್ಪ ಮುಂದಕ್ಕೆ ಹಾಕೋಣ," ಎಂದ ತಟ್ಟನೆ.

ಅವಳ ಕೈಯಲ್ಲಿದ್ದ ಬಾಗಿಲು ಜಾರಿ ನೆಲಕ್ಕೆ ಬಡಿಯಿತು. "ಯಾರವಳು?"

"ಏನು?"

"ನನ್ನತ್ರ ನಾಟಕ ಬೇಡ. ಇಲ್ಲಿ ಕೂತಿರ್ತೀಯ, ಮನಸ್ಸು ಇಲ್ಲಿರಲ್ಲ. ಮುಖ ಕೊಟ್ಟು ಮಾತಾಡಲ್ಲ. ಕೆಲಸದಲ್ಲಿ ಗಮನ ಇಲ್ಲ. ಹೇಳಿಬಿಡು, ನಾನೇನು ಸತ್ತುಹೋಗಲ್ಲ."

ಅವನು ನಕ್ಕ. ನಗು ಅರ್ಧಕ್ಕೇ ಮುರಿದು, ಕೂತಲ್ಲೇ ಮುಖ ಮುಚ್ಚಿಕೊಂಡ. "ನನಗೆ ವಾಸನೆ ಬರಲ್ಲ ಕಣೇ."

ಅವಳು ಬಿದ್ದ ಬಾಗಿಲನ್ನು ದಾಟಿ ಅವನ ಎದುರಿಗೆ ಬಂದು ಕೂತಳು.

"ತುಂಬ ದಿನ ಆಯ್ತು. ಬ್ರೆಡ್ ಬೆಂದಿದೆಯೋ ಸೀದಿದೆಯೋ ಗೊತ್ತಾಗಲ್ಲ. ನೀನು ಪಕ್ಕದಲ್ಲಿ ಬಂದು ನಿಂತ್ರೂ ಗೊತ್ತಾಗಲ್ಲ. ನಿನ್ನ ತಲೆಗೂದಲಿಗೆ ಒಂದು ವಾಸನೆ ಇತ್ತು, ಅದೂ ಇಲ್ಲ. ಮೂಗು ಸತ್ತ ಬೇಕರಿಯವನನ್ನ ಕಟ್ಕೊಂಡು ಏನು ಮಾಡ್ತೀಯ? ಸರಿ ಹೋಗುತ್ತೇನೋ ಅಂತ ಕಾಯ್ತಾ ಇದ್ದೆ."

ಬೇರೆ ಯಾರಾದರೂ ಆಗಿದ್ದರೆ ಅವನನ್ನು ಅಲ್ಲೇ ಅಪ್ಪಿಕೊಳ್ಳುತ್ತಿದ್ದರು. ಅವಳಿಗೂ ಹಾಗೇ ಅನ್ನಿಸಿತು. ಆದರೆ ಅವಳ ಕೆಲಸ ಕಲಿಸಿದ್ದು ಬೇರೆಯೇ ಇತ್ತು. ಸತ್ತ ಮೂಗು, ತಲೆನೋವು, ಎಡಗಡೆಯ ಅಂಚು. ಮೂರೂ ಸೇರಿ ಒಂದೇ ಕಡೆ, ತಲೆಯೊಳಕ್ಕೆ, ಬೆರಳು ತೋರಿಸುತ್ತಿದ್ದವು.

"ನನ್ನ ಕಡೆ ನೋಡು," ಎಂದು ಮೊಬೈಲಿನ ಟಾರ್ಚ್ ಹಚ್ಚಿದಳು.

"ಮತ್ತೆ ಪರೀಕ್ಷೆನಾ ಡಾಕ್ಟ್ರೇ? ಈ ಸಲ ನಿಜವಾಗ್ಲೂ ಫೇಲ್ ಆಗ್ತೀನಿ."

"ನಾನು ಡಾಕ್ಟ್ರಲ್ಲ. ಮಾತಾಡ್ಬೇಡ, ನನ್ನ ಭುಜದಾಚೆ ಗೋಡೆ ನೋಡು."

ಬಲಗಣ್ಣಿಗೆ ಬೆಳಕು ಬಿದ್ದಾಗ ಪಾಪೆ ಕುಗ್ಗಿತು. ಎಡಗಣ್ಣಿಗೆ ಹಿಡಿದಳು. ಕುಗ್ಗಬೇಕಾದ ಪಾಪೆ ನಿಧಾನವಾಗಿ ಅರಳಿತು, ಕತ್ತಲಲ್ಲಿ ಅರಳುವ ಹಾಗೆ. ಇನ್ನೊಮ್ಮೆ ಹಿಡಿದಳು. ಮತ್ತೂ ಅರಳಿತು; ಆ ಕಣ್ಣಿಗೆ ಬೆಳಕು ಸರಿಯಾಗಿ ತಲುಪುತ್ತಲೇ ಇರಲಿಲ್ಲ. ಅವಳು ಎಷ್ಟು ಸಲ ಮೈಮರೆತು ನೋಡಿದ್ದ ಕಣ್ಣು ಅದು!

"ಏನಾಯ್ತು?" ಎಂದ ಅವನು.

"ಏನಿಲ್ಲ. ಶರ್ಟ್ ಬದಲಾಯಿಸು, ಆಸ್ಪತ್ರೆಗೆ ಹೋಗಿ ಬರೋಣ," ಎಂದಳು.

ಸ್ಕ್ಯಾನಿನಲ್ಲಿ ಅದು ಕಂಡಿತು. ಹುಬ್ಬುಗಳ ಹಿಂದೆ, ಮಿದುಳಿನ ಅಡಿಯಲ್ಲಿ, ನಿಂಬೆಹಣ್ಣಿನ ಗಾತ್ರದ ಗಡ್ಡೆ. ಕ್ಯಾನ್ಸರಿನಂತೆ ಕಾಣುತ್ತಿಲ್ಲ, ಆದರೆ ತೆಗೆಯದೆ ಗತಿಯಿಲ್ಲ ಎಂದರು ಸರ್ಜನ್ ಮೇಡಂ. ವಾಸನೆ ವಾಪಸ್ ಬರುವ ಆಸೆ ಬೇಡ. ಎಡಗಣ್ಣು ಇದ್ದಷ್ಟು ಉಳಿದರೆ ಪುಣ್ಯ. ಆಮೇಲೆ ಅವಳನ್ನು ಹೊರಗೆ ಕರೆದು, ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು.

"ಸ್ವಭಾವ ಇರೋ ಜಾಗಕ್ಕೆ ಒತ್ತಿಕೊಂಡಿದೆ. ಮೊದಲಿನ ಥರಾನೇ ಇರ್ತಾರೆ ಅಂತ ನಾನು ಮಾತು ಕೊಡಲಾರೆ. ನೀವು ತಯಾರಾಗಿರಿ."

ಯಾವುದಕ್ಕೆ ತಯಾರಾಗುವುದು? ಕಾರಿಡಾರಿನಲ್ಲಿ ಸ್ಟ್ರೆಚರುಗಳ ಗಾಲಿ ಕಿರುಗುಟ್ಟುತ್ತಿದ್ದವು. ಅವನು ಬದುಕಿ ಬಂದೂ ಬಾರದೆ ಹೋಗಬಹುದು ಎನ್ನುವುದು ಅವಳಿಗೆ ಅಲ್ಲಿ ನಿಂತು ಅರ್ಥವಾಯಿತು.

ಆಪರೇಷನ್ನಿನ ಬೆಳಗ್ಗೆ ಅವನು ಅವಳ ಕೈ ಹಿಡಿದು, "ನಿನ್ನನ್ನ ನೋಡಬೇಕು ಅಂತಾನೇ ಅವತ್ತು ತಪ್ಪು ಓದಿದ್ದು, ಗೊತ್ತಾ?" ಎಂದ.

"ಅವತ್ತೇ ಗೊತ್ತಿತ್ತು. ಅದಕ್ಕೇ ಇನ್ನೊಂದು ಚಾರ್ಟ್ ತೂಗುಹಾಕಿದ್ದು."

ನಗುತ್ತಲೇ ಒಳಗೆ ಹೋದ.

ಹೊರಬಂದವನು ನಗಲಿಲ್ಲ. ಗಾಯ ಮಾಯಿತು, ಕೂದಲು ಚಿಗುರಿತು, ನಡಿಗೆ ಸರಿಯಾಯಿತು. ಅವಳನ್ನು ಗುರುತಿಸುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಅಷ್ಟೇ. ಅವಳು ಹಳೆಯ ತಮಾಷೆ ತೆಗೆದರೆ, ಬೇರೆ ಯಾರದೋ ಸುದ್ದಿ ಕೇಳಿದಂತೆ ನೋಡುತ್ತಿದ್ದ. ಶಿಳ್ಳೆ ಇಲ್ಲ, ಕೆಣಕಾಟ ಇಲ್ಲ. ದಿನಾ ಮಧ್ಯಾಹ್ನ ಬಂದು, ಉಳಿದಿದ್ದ ಕಪಾಟಿನ ಬಾಗಿಲುಗಳಿಗೆ ಎರಡನೇ ಕೋಟು ಬಳಿದು ಹೋಗುತ್ತಿದ್ದ. ಪ್ರತಿ ಸಲ ಕತ್ತು ತಿರುಗಿಸಿ ಎಡ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಕೆಲಸ ಮೊದಲಿಗಿಂತ ಅಚ್ಚುಕಟ್ಟಾಗಿತ್ತು. ಅದನ್ನು ಕಂಡರೆ ಅವಳಿಗೆ ಭಯವಾಗುತ್ತಿತ್ತು.

"ಮದುವೆ ಮಾತು ಯಾರೂ ಎತ್ತುತ್ತಿಲ್ಲವಲ್ಲ," ಎಂದು ಚಿಕ್ಕಮ್ಮ ಒಮ್ಮೆ ಗೊಣಗಿದರು.

ಕೊನೆಯ ಬಾಗಿಲನ್ನು ಕೂರಿಸುವ ದಿನ ಬಂತು. ಅವಳು ಕೆಳಗಿನಿಂದ ಎತ್ತಿ ಹಿಡಿದಳು, ಅವನು ಸ್ಕ್ರೂ ತಿರುಗಿಸಿದ. ಕೆಲಸ ಮುಗಿದರೂ ಕೆಳಗಿಳಿಯಲಿಲ್ಲ. ಸ್ಟೂಲಿನ ಮೇಲೆ ನಿಂತೇ, ಅವಳತ್ತ ನೋಡದೆ, ಮಾತಾಡಿದ.

"ನೀನು ದಿನಾ ಯಾರನ್ನೋ ಹುಡುಕ್ತೀಯ. ನನ್ನ ಮುಖದಲ್ಲಿ."

ಅವಳು ಬಾಗಿಲಿಗೆ ಹಿಡಿದಿದ್ದ ಕೈ ತೆಗೆದಳು.

"ಅವನು ಬರಲ್ಲ ಅನ್ಸುತ್ತೆ. ನಾನೂ ಹುಡುಕಿದೆ. ಅವನು ಮಾಡಿದ ತಮಾಷೆಗಳೆಲ್ಲ ನೆನಪಿವೆ, ನಗು ಬರಲ್ಲ." ನಿಧಾನವಾಗಿ ಕೆಳಗಿಳಿದ. "ಆದ್ರೆ ಮಧ್ಯಾಹ್ನ ಆದ್ರೆ ಸಾಕು, ಇಲ್ಲಿಗೆ ಬರಬೇಕು ಅನ್ಸುತ್ತೆ. ನೀನು ಅಂಗಡಿಯಿಂದ ಬರೋದು ಲೇಟಾದ್ರೆ ಬ್ರಷ್ ಇಟ್ಟು ಕಿಟಕಿ ಹತ್ರ ಹೋಗಿ ನಿಂತ್ಬಿಡ್ತೀನಿ. ಇದು ಅವನದ್ದಲ್ಲ. ನನ್ನದು. ಹೊಸದಾಗಿ ಆಗಿರೋದು."

ಅವಳು ತಲೆಯೆತ್ತಿದಳು. ಅವನ ಒಂದು ಕಣ್ಣು ಅವಳನ್ನು ನೋಡುತ್ತಿತ್ತು. ಇನ್ನೊಂದು ಮಸುಕಾಗಿಯೇ ಹುಡುಕುತ್ತಿತ್ತು. ಆ ನೋಟದಲ್ಲಿ ತುಂಟತನವಿರಲಿಲ್ಲ. ಅಲ್ಲಿದ್ದದ್ದು ಅವಳಿಗೆ ಪರಿಚಯವಿಲ್ಲದ, ಗಂಭೀರವಾದ, ಹೆದರಿದ ಒಂದು ಆಸೆ.

"ನಿನಗೆ ಈ ಹೊಸಬ ಆಗ್ತಾನಾ?" ಎಂದ.

ಹೋದವನಿಗಾಗಿ ಅವಳು ಅಷ್ಟು ದಿನ ಅತ್ತಿರಲಿಲ್ಲ. ಈಗ ಅತ್ತಳು, ಇದ್ದವನ ಎದುರಿಗೇ ನಿಂತು. ಅವನು ಸಮಾಧಾನ ಹೇಳಲಿಲ್ಲ. ಎಲ್ಲಿಗೂ ಹೋಗದೆ ನಿಂತಿದ್ದ.

"ಹೊಸಬರಿಗೆ ಒಂದೇ ಸಲಕ್ಕೆ ಹೂಂ ಅನ್ನೋಕಾಗಲ್ಲ," ಎಂದಳು ಕೊನೆಗೆ, ಸೆರಗಿನಲ್ಲಿ ಮುಖ ಒರೆಸಿಕೊಂಡು. "ಕೂತ್ಕೊ. ಕಾಫಿ ಮಾಡ್ತೀನಿ. ನಿನಗೆ ಸಕ್ಕರೆ ಎಷ್ಟು ಬೇಕು ಅಂತ ನನಗೆ ಗೊತ್ತಿಲ್ಲ, ಹೇಳು."

ಅವನು ಯೋಚಿಸಿದ. ನಿಜವಾಗಿಯೇ ಯೋಚಿಸಿದ.

"ನನಗೂ ಗೊತ್ತಿಲ್ಲ," ಎಂದ. "ಒಂದು ಚಮಚದಿಂದ ಶುರು ಮಾಡೋಣ."